ಕಾಡು ಮತ್ತು ಕಾನು

ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗ ಜಿಲ್ಲೆಯ ಬಯಲುಸೀಮೆಯಲ್ಲಿ. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ ಬಿದ್ದರೆ ದೇವರು ಕಣ್ಣುಬಿಟ್ಟನೆಂದು ಸಂತೋಷಪಡುವ ಸೀಮೆ ಅದು. ನಮ್ಮೂರಿನ ಹಿರಿಯರು 'ಅಡವಿ' ಎಂದೊಡನೆ ನಮ್ಮ ಕಣ್ಣಮುಂದೆ ಬಂದು ನಿಲ್ಲುತ್ತಿದ್ದುದು ಊರಾಚೆಯ ಕುರುಚಲು ಗುಡ್ಡ. ಅಲ್ಲೊಂದು ಜಾಲಿ, ಇಲ್ಲೊಂದು ಕಮರ, ನಡುನಡುವೆ ಬಂಡೆ, ಕತ್ತಾಳೆ, ಮಿಕ್ಕ ಕಡೆಯೆಲ್ಲ ಬಿಸಿಲು. ಅಡವಿಯ ಈ ತುದಿಯಲ್ಲಿ ನಿಂತವನಿಗೆ ಆ ತುದಿಯಲ್ಲಿ ಮೇಯುವ ಕುರಿ ಕರಿಯದೋ ಬಿಳಿಯದೋ ಎಂಬುದು ಸ್ಪಷ್ಟವಾಗಿ ತಿಳಿಯುತ್ತಿತ್ತು.

ಇಂಥ ನಾನು 1985ರಲ್ಲಿ ಶಿವಮೊಗ್ಗ ಜಿಲ್ಲೆಯ ಘಟ್ಟದಂಚಿನ ಒಂದು ಹಳ್ಳಿಯ ಪ್ರೌಢಶಾಲೆಗೆ ಕನ್ನಡ ಅಧ್ಯಾಪಕನಾಗಿ ಹೋದೆ. ಹೋದ ಹೊಸತರಲ್ಲಿ, ಒಂದು ಭಾನುವಾರ, ಒಂಬತ್ತನೆಯ ತರಗತಿಯ ಹುಡುಗರು ನನ್ನನ್ನು ಊರಿನ ಹಿಂದಣ ಗುಡ್ಡಕ್ಕೆ ಕರೆದೊಯ್ದರು. ಹೊರಗೆ ಹತ್ತು ಗಂಟೆಯ ಬಿಸಿಲು. ಮರಗಳ ಅಂಚನ್ನು ದಾಟಿ ಇಪ್ಪತ್ತು ಹೆಜ್ಜೆ ಇಟ್ಟೆವೋ ಇಲ್ಲವೋ, ಸಂಜೆಯಾದಂತಾಯಿತು. ತಲೆಯೆತ್ತಿದರೆ ಆಕಾಶವಿಲ್ಲ. ಕಾಲಕೆಳಗೆ ಒದ್ದೆ ದರಗೆಲೆ. ಕನ್ನಡಕದ ಗಾಜಿನ ಮೇಲೆ ಮಂಜು ಕವಿಯಿತು. "ಎಂಥ ದಟ್ಟವಾದ ಕಾಡಪ್ಪಾ!" ಎಂದು ಉದ್ಗರಿಸಿದೆ. ಪಕ್ಕದಲ್ಲಿದ್ದ ಹುಡುಗ ಸಂಕೋಚದಿಂದಲೇ ತಿದ್ದಿದ: "ಸಾರ್, ಇದು ಕಾಡಲ್ಲ, ಕಾನು."

"ಎರಡೂ ಒಂದೇ ಅಲ್ಲವೇನೋ?" ಎಂದು ಕೇಳಿದೆ.

"ಅಲ್ಲ ಸಾರ್. ಕಾಡಲ್ಲಿ ಬೇಸಿಗೆಗೆ ಎಲೆ ಉದುರ್ತದೆ, ಬೆಂಕಿ ಬೀಳ್ತದೆ. ಕಾನಿಗೆ ಬೆಂಕಿ ಬೀಳೋದಿಲ್ಲ."

ಎಂ.ಎ. ತರಗತಿಯಲ್ಲಿ ನಿಘಂಟುಗಳನ್ನು ತಿರುವಿಹಾಕಿದ್ದ ನನಗೆ ಆ ಹುಡುಗನ ಎರಡು ವಾಕ್ಯಗಳಲ್ಲಿದ್ದಷ್ಟು ನಿಖರವಾದ ಅರ್ಥ ಯಾವ ಪುಟದಲ್ಲಿಯೂ ಸಿಕ್ಕಿರಲಿಲ್ಲ. ಶಿವಮೊಗ್ಗ, ಉತ್ತರ ಕನ್ನಡ ಜಿಲ್ಲೆಗಳ ಜನ ನಿತ್ಯಹಸುರಿನ, ತಂಪಾದ, ಹಳ್ಳದ ಮೂಲವನ್ನು ಕಾಯುವ ಕಾಡನ್ನು 'ಕಾನು' ಎಂದು ಬೇರೆಯಾಗಿಯೇ ಕರೆಯುತ್ತ ಬಂದಿದ್ದಾರೆ. ಹುಲ್ಲು ಬೆಳೆಯುವ ಜಾಗ ಅವರಿಗೆ 'ಬ್ಯಾಣ'. ಅಡಕೆ ತೋಟಕ್ಕೆ ಸೊಪ್ಪು ತರುವ ಜಾಗ 'ಸೊಪ್ಪಿನ ಬೆಟ್ಟ'. ಸೊರಬ ತಾಲ್ಲೂಕಿನಲ್ಲಿ ಒಣಗಾಡಿನ ನಡುವೆ ಅಲ್ಲಲ್ಲಿ ದ್ವೀಪಗಳಂತಿದ್ದ ಕಾನುಗಳನ್ನು ಕುರಿತು ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಷ್ಟು ಹಿಂದೆಯೇ ಸರ್ಕಾರಕ್ಕೆ ವರದಿ ಬರೆದರು. ಹೊರಗಿನಿಂದ ಬಂದವರಿಗೂ ಭೇದ ಕಣ್ಣಿಗೆ ಹೊಡೆದು ಕಾಣುವಂತಿತ್ತು ಎಂದಾಯಿತು.

ಇಂದು ನೀವು ಭೂಗೋಳದ ಪುಸ್ತಕದಲ್ಲಿ ಓದುವ 'ಮಳೆಕಾಡು' ಎಂಬ ಹೆಸರು ಇದಕ್ಕಿಂತ ಬಹಳ ಹೊಸದು. ಷಿಂಪರ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞ 1898ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಉಷ್ಣವಲಯದ ಇಂಥ ಕಾಡುಗಳಿಗೆ ಆ ಹೆಸರನ್ನಿಟ್ಟ. ಹೆಸರೇನೋ ನಿಂತಿತು. ಆದರೆ ಅದು ನಮ್ಮನ್ನು ಸ್ವಲ್ಪ ದಾರಿತಪ್ಪಿಸುತ್ತದೆ. ಮಳೆ ಹೆಚ್ಚಾಗಿ ಬೀಳುವ ಕಡೆ ಮಳೆಕಾಡು ತಾನಾಗಿ ಬೆಳೆಯುತ್ತದೆ ಎಂಬ ಭ್ರಮೆ ಹುಟ್ಟುತ್ತದೆ. ಸಂಗತಿ ಅಷ್ಟು ಸರಳವಲ್ಲ.

ಆಗುಂಬೆಯನ್ನೇ ನೋಡಿರಿ. ಅಲ್ಲಿ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರಿನಷ್ಟು ಮಳೆ. 1946ರ ಆಗಸ್ಟ್ ತಿಂಗಳೊಂದರಲ್ಲಿಯೇ 4,508 ಮಿಲಿಮೀಟರು ಬಿದ್ದುದು ದಾಖಲೆಯಲ್ಲಿದೆ. ನಮ್ಮ ಚಿತ್ರದುರ್ಗಕ್ಕೆ ಎಂಟೊಂಬತ್ತು ವರ್ಷಗಳಲ್ಲಿ ಬೀಳುವ ನೀರು ಅದು! ಆದರೆ ಈ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದುಹೋಗುತ್ತದೆ. ಡಿಸೆಂಬರ್ ಕಳೆದ ಮೇಲೆ ಮಾರ್ಚ್‌ವರೆಗೆ ಆಗುಂಬೆಯ ಆಕಾಶವೂ ನಮ್ಮೂರಿನ ಆಕಾಶದಂತೆ ಬರಿದೇ. ಭೂಮಧ್ಯರೇಖೆಯ ಹತ್ತಿರದ ಮಳೆಕಾಡುಗಳಿಗೆ ಈ ಕಷ್ಟವಿಲ್ಲ. ಅಲ್ಲಿ ಹೆಚ್ಚುಕಡಮೆ ಎಲ್ಲ ತಿಂಗಳೂ ಮಳೆಯುಂಟು. ನಮ್ಮ ಕರಾವಳಿಯ ಮುರಕಲ್ಲಿನ ಬೋಳು ದಿಣ್ಣೆಗಳ ಮೇಲೆಯೂ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೆ ಮೀರಿ ಮಳೆ ಬೀಳುತ್ತದೆ. ಆದರೂ ಬಿದ್ದ ನೀರು ಬಿದ್ದಂತೆ ಕಡಲಿಗೆ ಹರಿದು, ಜನವರಿಯ ಹೊತ್ತಿಗೆ ಅಲ್ಲಿ ಹುಲ್ಲು ಒಣಗಿ ಹಳದಿಯಾಗುತ್ತದೆ. ಅಂದಮೇಲೆ ಮಳೆ ಎಷ್ಟು ಬಂದಿತು ಎಂಬುದಕ್ಕಿಂತ, ಬಂದ ಮಳೆಯನ್ನು ಎಷ್ಟು ದಿನ ಹಿಡಿದಿಟ್ಟುಕೊಂಡಿತು ಎಂಬುದೇ ಮುಖ್ಯವೆಂದಾಯಿತು.

ಕಾನು ಹಿಡಿದಿಟ್ಟುಕೊಳ್ಳುತ್ತದೆ. ಹೇಗೆಂಬುದನ್ನು ನೋಡಬೇಕಾದರೆ ತಲೆಯಿಂದ ಆರಂಭಿಸಬೇಕು. ಮೂವತ್ತು ನಲವತ್ತು ಮೀಟರು ಎತ್ತರಕ್ಕೆ ತಲೆಯೆತ್ತಿದ ಹೆಮ್ಮರಗಳು ಅಲ್ಲೊಂದು ಇಲ್ಲೊಂದು. ಅವುಗಳ ಭುಜದ ಮಟ್ಟದಲ್ಲಿ ಒಂದಕ್ಕೊಂದು ಕೈ ಹೆಣೆದುಕೊಂಡು ನಿಂತ ಮರಗಳ ಚಪ್ಪರ. ಅದರ ಕೆಳಗೆ ನೆರಳನ್ನೇ ಉಂಡು ಬದುಕುವ ಸಣ್ಣ ಮರಗಳು. ಇನ್ನೂ ಕೆಳಗೆ ಪೊದೆ, ಸಸಿ, ಜರಿಗಿಡ. ಈ ಅಂತಸ್ತುಗಳನ್ನೆಲ್ಲ ತೂರಿ ನೆಲ ಮುಟ್ಟುವ ಬೆಳಕು ನೂರಕ್ಕೆ ಒಂದೆರಡು ಪಾಲು ಮಾತ್ರ. ಗಾಳಿಯೂ ಒಳಗೆ ಬೀಸಲಾರದು. ಹೊರಗಿನ ಬಯಲಿಗಿಂತ ಒಳಗಿನ ಹವೆ ಹಲವು ಡಿಗ್ರಿಗಳಷ್ಟು ತಂಪು. ರಭಸದಿಂದ ಬಿದ್ದ ಮಳೆ ಎಲೆಯಿಂದ ಎಲೆಗೆ ತೊಟ್ಟಿಕ್ಕಿ, ಕಾಂಡದ ಮೇಲೆ ಜಾರಿ, ದರಗಿನ ಮೇಲೆ ಮೆಲ್ಲನೆ ಇಳಿಯುತ್ತದೆ. ದರಗು ಅದನ್ನು ಸ್ಪಂಜಿನಂತೆ ಹೀರಿ ಬೇರುಗಳ ಸಂದಿಗೆ ಬಿಡುತ್ತದೆ. ಹೀಗೆ ಇಳಿದ ನೀರು ಬೇಸಿಗೆಯ ಹಳ್ಳವಾಗಿ ಹೊರಡುತ್ತದೆ. ಕಾನಿನ ಬುಡದ ಹಳ್ಳ ಏಪ್ರಿಲ್‌ನಲ್ಲಿಯೂ ಹರಿಯುವುದನ್ನೂ, ಕಾನು ಕಡಿದ ಗುಡ್ಡದ ಹಳ್ಳ ಸಂಕ್ರಾಂತಿಗೇ ಬತ್ತುವುದನ್ನೂ ಮಲೆನಾಡಿನ ಯಾವ ಅಡಕೆ ಬೆಳೆಗಾರನಾದರೂ ನಿಮಗೆ ತೋರಿಸಿಯಾನು.

ಬೆಳಕೇ ಅಲ್ಲಿನ ದೊಡ್ಡ ಬಡತನ. ನಮ್ಮ ಬಯಲುಸೀಮೆಯ ಗಿಡ ನೀರಿಗಾಗಿ ಹೋರಾಡುತ್ತದೆ. ಎಲೆಯನ್ನು ಕಿರಿದು ಮಾಡಿಕೊಳ್ಳುತ್ತದೆ, ಮುಳ್ಳು ತಳೆಯುತ್ತದೆ, ಬೇರನ್ನು ಆಳಕ್ಕೆ ಇಳಿಬಿಡುತ್ತದೆ. ಕಾನಿನ ಗಿಡದ ಹೋರಾಟವೆಲ್ಲ ಮೇಲ್ಮುಖ. ಬೆತ್ತ ತನ್ನ ಮುಳ್ಳಿನ ಕೊಕ್ಕೆಗಳನ್ನು ನೆರೆಯ ಮರಕ್ಕೆ ಸಿಕ್ಕಿಸಿಕೊಂಡು ಏರುತ್ತದೆ. ಕಾಳುಮೆಣಸಿನ ಬಳ್ಳಿ ಬೇರುಗಳಿಂದ ಅಪ್ಪಿಕೊಂಡು ಏರುತ್ತದೆ. ಲೋಕವೆಲ್ಲ ಬೆನ್ನಟ್ಟಿ ಬಂದ ಆ ಮೆಣಸು ಮೂಲತಃ ಈ ಪಶ್ಚಿಮಘಟ್ಟದ ಕಾನಿನ ಬಳ್ಳಿಯೇ. ಸೀತಾಳೆಯ ಗಿಡಕ್ಕೆ ಇಷ್ಟು ಸಾಹಸವೂ ಬೇಡ. ಧೂಳಿನಂಥ ಅದರ ಬೀಜ ಗಾಳಿಯಲ್ಲಿ ತೇಲಿ ಎತ್ತರದ ಕೊಂಬೆಯ ಮೇಲೆ ಕುಳಿತು, ಅಲ್ಲಿಯೇ ಬೇರುಬಿಟ್ಟು ಹೂವಾಗುತ್ತದೆ. ಬಂದಳಿಕೆಯಂತೆ ಅದು ಮರದ ರಸವನ್ನು ಕದಿಯುವುದಿಲ್ಲ, ಕುಳಿತುಕೊಳ್ಳಲು ಜಾಗವನ್ನಷ್ಟೇ ಕೇಳುತ್ತದೆ. ಕಾನಿನ ಎಷ್ಟೋ ಮರಗಳ ಎಲೆಯ ತುದಿ ಕಿರಿದಾಗಿ ನೀಳವಾಗಿರುತ್ತದೆ. ನೀರು ನಿಂತು ಎಲೆಯ ಮೇಲೆ ಪಾಚಿ ಕಟ್ಟದಂತೆ ಹರಿದುಹೋಗಲು ಅದೊಂದು ಪನಾಳಿ. ನಿಮ್ಮ ಹಿತ್ತಿಲಿನ ಹಲಸಿನ ಮರವೂ ಹುಟ್ಟಿನಿಂದ ಪಶ್ಚಿಮಘಟ್ಟದ ಕಾನಿನದು. ಕೊಂಬೆಯ ತುದಿಯನ್ನು ಬಿಟ್ಟು ಬೊಡ್ಡೆಯ ಮೇಲೆಯೇ ಹಣ್ಣು ಬಿಡುವ ಆ ಪದ್ಧತಿ ಮಳೆಕಾಡಿನ ಅನೇಕ ಮರಗಳಲ್ಲಿ ಉಂಟು. ಒಣಗಾಡಿನಲ್ಲಿ ಅದು ಅಪರೂಪ.

ಇಷ್ಟೆಲ್ಲ ಹಸಿರನ್ನು ಹೊತ್ತ ನೆಲ ಎಷ್ಟು ಫಲವತ್ತಾಗಿರಬೇಡ! ನಾನೂ ಹಾಗೆಯೇ ಎಣಿಸಿದ್ದೆ. ನಮ್ಮ ಕಡೆಯ ಎರೆಭೂಮಿಯಲ್ಲಿ ಹುಲ್ಲು, ಜೋಳ, ಕಡಲೆ ಮಾತ್ರ ಬೆಳೆಯುವಾಗ, ನಲವತ್ತು ಮೀಟರಿನ ಮರಗಳನ್ನು ನಿಲ್ಲಿಸಿದ ಈ ಮಣ್ಣು ಚಿನ್ನವೇ ಸರಿ ಎಂದುಕೊಂಡಿದ್ದೆ. ಒಂದು ಗುದ್ದಲಿಯಿಂದ ಅಗೆದು ನೋಡಿದರೆ ಸಾಕು, ಈ ಎಣಿಕೆ ಮುರಿದುಬೀಳುತ್ತದೆ. ಮೇಲೆ ನಾಲ್ಕು ಬೆರಳು ಕಪ್ಪು ಮಣ್ಣು. ಅದರ ಕೆಳಗೆ ಸಾವಿರಾರು ವರ್ಷ ಮಳೆಯಲ್ಲಿ ತೊಳೆದು ಸತ್ವವೆಲ್ಲ ಕೊಚ್ಚಿಹೋದ ಕೆಂಪು ಜಂಬಿಟ್ಟಿಗೆ. ಹಾಗಾದರೆ ಸತ್ವವೆಲ್ಲಿದೆ? ಮರಗಳಲ್ಲಿಯೇ ಇದೆ. ಉದುರಿದ ಎಲೆಯನ್ನು ಗೆದ್ದಲು, ಎರೆಹುಳು, ಅಣಬೆಗಳು ಕೆಲವು ತಿಂಗಳಲ್ಲಿಯೇ ಅರೆದು ಕರಗಿಸುತ್ತವೆ; ಕರಗಿದ್ದು ಮಣ್ಣಿನ ಆಳಕ್ಕೆ ಇಳಿಯುವ ಮೊದಲೇ ಮೇಲ್ಪದರದಲ್ಲಿ ಬಲೆಯಂತೆ ಹರಡಿದ ಬೇರುಗಳು ಹೀರಿಕೊಂಡು ಮತ್ತೆ ಎಲೆಯಾಗಿಸುತ್ತವೆ. ಹೂತಿಟ್ಟ ಗಂಟೆಂಬುದು ಈ ಮನೆಯಲ್ಲಿಲ್ಲ. ಇದ್ದ ಹಣವೆಲ್ಲ ಕೈಯಿಂದ ಕೈಗೆ ಓಡಾಡುತ್ತಿರುತ್ತದೆ. ಬೇರು ಆಳಕ್ಕಿಳಿಯದ ಮರಗಳಲ್ಲಿ ಕೆಲವು ಬುಡದಲ್ಲಿ ಗೋಡೆಯಂಥ ಆನಿಕೆಗಳನ್ನು ಚಾಚಿ ನಿಂತಿರುವುದನ್ನೂ ಕಾಣಬಹುದು.

ಹಿಂದೆ ಘಟ್ಟಸೀಮೆಯಲ್ಲಿ 'ಕುಮರಿ' ಬೇಸಾಯವಿತ್ತು. ಕಾಡಿನ ತುಣುಕೊಂದನ್ನು ಕಡಿದು, ಸುಟ್ಟು, ಬೂದಿಯ ಮೇಲೆ ರಾಗಿಯನ್ನೋ ಬತ್ತವನ್ನೋ ಬಿತ್ತುತ್ತಿದ್ದರು. ಒಂದೆರಡು ಬೆಳೆ ಚೆನ್ನಾಗಿ ಬರುತ್ತಿತ್ತು. ಆಮೇಲೆ ಆ ಜಾಗವನ್ನು ಹತ್ತಾರು ವರ್ಷ ಪಾಳುಬಿಟ್ಟು ಬೇರೆಡೆಗೆ ಹೋಗುತ್ತಿದ್ದರು. ಮೂರನೆಯ ಬೆಳೆ ಬರುವುದಿಲ್ಲವೆಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಬೂದಿಯಲ್ಲಿದ್ದದ್ದು ಮರಗಳ ಸತ್ವ, ನೆಲದ್ದಲ್ಲ. ಅದು ಮುಗಿದಮೇಲೆ ಉಳಿಯುವುದು ಜಂಬಿಟ್ಟಿಗೆ.

ಇದಕ್ಕೆ ನೇರ ವಿರುದ್ಧವಾದ ಸಂಸಾರ ನಮ್ಮ ಬಯಲುಸೀಮೆಯ ಹುಲ್ಲುಗಾವಲಿನದು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಕಾದಿಟ್ಟ 'ಕಾವಲು'ಗಳನ್ನು ನೀವು ಕೇಳಿರಬಹುದು. ಅಲ್ಲಿ ಬದುಕಿನ ಬಂಡವಾಳವೆಲ್ಲ ನೆಲದೊಳಗೆ, ಬೇರಿನಲ್ಲಿ. ದನ ಮೇಯ್ದರೂ, ಬೆಂಕಿ ಬಿದ್ದರೂ, ಮೂರು ವರ್ಷ ಮಳೆ ಕೈಕೊಟ್ಟರೂ ಹುಲ್ಲು ಸಾಯುವುದಿಲ್ಲ. ಒಂದು ಹದಮಳೆಗೆ ಮತ್ತೆ ಚಿಗುರುತ್ತದೆ. ಅದನ್ನು 'ಖಾಲಿ ಜಾಗ'ವೆಂದು ತಿಳಿದು ಮರ ನೆಡುವುದು ಕಾನನ್ನು ಕಡಿಯುವಷ್ಟೇ ದೊಡ್ಡ ತಪ್ಪೆಂದು ನನ್ನ ಅಭಿಪ್ರಾಯ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯ ಘೋಷಿಸಲಾಯಿತು. ಆದರೆ ಆ ನೆಲದ ಬಹುಭಾಗವನ್ನು ನೀಲಗಿರಿ ಮರದ ನೆಡುತೋಪು ಆಕ್ರಮಿಸಿತು. ದೂರದಿಂದ ವೈರಿಯನ್ನು ಕಂಡು ಓಟದ ಬಲದಿಂದ ಬದುಕುವ ಕೃಷ್ಣಮೃಗಕ್ಕೂ ಬಯಲಿನ ನೆಲದ ಮೇಲೆಯೇ ಮೊಟ್ಟೆಯಿಡುವ ಎರೆಭೂತ ಪಕ್ಷಿಗೂ ಮರದ ಸಾಲಿನಿಂದ ಆಗುವುದೇನು? ಹಸಿರೆಲ್ಲ ಒಂದೇ ಅಲ್ಲ. ಕುದುರೆಮುಖದ ಎತ್ತರದ ಬೆಟ್ಟಗಳಲ್ಲಂತೂ ಕಣಿವೆಯಲ್ಲಿ ಶೋಲೆಯ ಕಾಡು, ಏರಿನಲ್ಲಿ ಹುಲ್ಲು, ಎರಡೂ ಮಗ್ಗುಲಲ್ಲೇ ಇವೆ. ಆ ಹುಲ್ಲು ಮರ ಕಡಿದುದರಿಂದ ಬಂದುದಲ್ಲ, ಆ ಎತ್ತರದ ಗಾಳಿಚಳಿಗೆ ಒಗ್ಗಿದ ಸಹಜವಾದ ಸಸ್ಯವೇ.

ಬಂಡೀಪುರದಂಥ ಎಲೆಯುದುರಿಸುವ ಕಾಡು ಇವೆರಡರ ನಡುವಿನದು. ತೇಗ, ಹೊನ್ನೆ, ಮತ್ತಿ ಮೊದಲಾದವು ಬೇಸಿಗೆಗೆ ಮುನ್ನ ಎಲೆ ಕಳಚಿ ಬಾಯಾರಿಕೆಯಿಂದ ಪಾರಾಗುತ್ತವೆ. ಒಣಗಿದ ಎಲೆಗೆ ಬೆಂಕಿ ತಗುಲಿದರೂ ದಪ್ಪ ತೊಗಟೆಯ ಮರಗಳು ತಡೆದುಕೊಳ್ಳುತ್ತವೆ, ಸುಟ್ಟ ಬುಡದಿಂದ ಮರುಚಿಗುರುತ್ತವೆ. ಕಾನಿನ ಮರಗಳಿಗೆ ತೊಗಟೆ ತೆಳು. ಬೆಂಕಿಯ ಪರಿಚಯವೇ ಇಲ್ಲದವು, ಬೆಂಕಿಗೆ ಉತ್ತರವನ್ನು ಎಲ್ಲಿಂದ ತಂದಾವು? ಆ ಹುಡುಗ ಹೇಳಿದ 'ಬೆಂಕಿ ಬೀಳೋದಿಲ್ಲ' ಎಂಬ ಮಾತು ಚಪ್ಪರ ಮುಚ್ಚಿರುವವರೆಗೆ ಮಾತ್ರ ಸತ್ಯ. ಅಲ್ಲಲ್ಲಿ ಮರ ಕಡಿದು ಬಿಸಿಲು ಒಳಹೊಕ್ಕರೆ ದರಗು ಒಣಗುತ್ತದೆ; ಒಮ್ಮೆ ಬೆಂಕಿ ಹೊಕ್ಕ ಕಾನಿಗೆ ಎರಡನೆಯ ಬೆಂಕಿ ಸುಲಭವಾಗಿ ಬರುತ್ತದೆ.

ಈಗ ನನ್ನ ಅವಿವೇಕದ ಕಥೆಯೊಂದನ್ನು ಹೇಳಬೇಕು. 1986ರ ಜುಲೈ ತಿಂಗಳು. ವನಮಹೋತ್ಸವಕ್ಕೆ ಇಲಾಖೆಯಿಂದ ಬಂದ ಸಸಿಗಳು ಸಾಲದಾದವು. ಮುಂದಿನ ವರ್ಷಕ್ಕೆ ನಾವೇ ಸಸಿ ಮಾಡಿಕೊಳ್ಳೋಣವೆಂದು ಹುಡುಗರಿಂದ ಧೂಪದ ಮರದ ಬೀಜಗಳನ್ನು ತರಿಸಿದೆ. ಧೂಪದ ಬೀಜವೆಂದರೆ ನಿಂಬೆಹಣ್ಣಿನಷ್ಟು ದಪ್ಪ. ಅದರಿಂದ ತುಪ್ಪದಂಥ ಎಣ್ಣೆ ತೆಗೆಯುವುದುಂಟು. ಎರಡು ಬುಟ್ಟಿ ಬೀಜ ಬಂದವು. ನಮ್ಮವ್ವ ಅವರೆ, ತೊಗರಿಗಳ ಬಿತ್ತನೆ ಬೀಜವನ್ನು ಒಣಗಿಸಿ, ಬೂದಿ ಬೆರೆಸಿ, ಮಡಕೆಯಲ್ಲಿ ಕಟ್ಟಿಡುತ್ತಿದ್ದುದನ್ನು ನೋಡಿ ಬೆಳೆದವನು ನಾನು. ಮಳೆಗಾಲದಲ್ಲಿ ಬಿಸಿಲಿಲ್ಲವಾದುದರಿಂದ ಒಲೆಯ ಮೇಲಿನ ಅಟ್ಟದಲ್ಲಿ ಹರಡಿ ಹದಿನೈದು ದಿನ ಒಣಗಿಸಿದೆ. ಬೂದಿ ಸವರಿದೆ. ತಗಡಿನ ಡಬ್ಬದಲ್ಲಿ ತುಂಬಿ, ಮೇಲೆ ಚೀಟಿ ಅಂಟಿಸಿ, ಶಾಲೆಯ ಬೀರುವಿನಲ್ಲಿಟ್ಟೆ. ಮರುವರ್ಷ ಜೂನ್‌ನಲ್ಲಿ ಪಾತಿ ಮಾಡಿ ಬಿತ್ತಿದೆವು. ಒಂದು ವಾರ ಕಾದೆವು, ಒಂದು ತಿಂಗಳು ಕಾದೆವು. ಒಂದೇ ಒಂದು ಬೀಜವೂ ಮೊಳೆಯಲಿಲ್ಲ.

ತನ್ನ ಮೊಮ್ಮಗನಿಗೆ ಬುತ್ತಿ ತಂದಿದ್ದ ಮುದುಕಿಯೊಬ್ಬಳು ಪಾತಿಯ ಬಳಿ ನಿಂತು, ಸಂಗತಿಯನ್ನು ಕೇಳಿ, ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. "ಡಬ್ಬೀಲಿ ಇಟ್ರೆ ಹುಟ್ತದಾ ಮೇಷ್ಟ್ರೇ? ಅದೇನು ರಾಗಿಯಾ? ಕಾನಿನ ಬೀಜ ಬಿದ್ದ ವಾರಕ್ಕೇ ಹುಟ್ಬೇಕು, ಇಲ್ದಿದ್ರೆ ಇಲ್ಲ."

ಅವಳ ಮಾತಿನ ಹಿಂದಿನ ಕಾರಣವನ್ನು ಆಮೇಲೆ ಪುಸ್ತಕಗಳಲ್ಲಿ ಓದಿ ತಿಳಿದುಕೊಂಡೆ. ಒಣಸೀಮೆಯ ಸಸ್ಯಗಳ ಬೀಜ ಮಾಗುವಾಗ ತನ್ನ ನೀರನ್ನು ಹೊರಹಾಕಿ, ಉಸಿರು ಬಿಗಿಹಿಡಿದು ನಿದ್ರೆಹೋಗುತ್ತದೆ. ಜಾಲಿಯ ಬೀಜ ವರ್ಷಗಟ್ಟಲೆ ಮಣ್ಣಿನಲ್ಲಿ ಮಲಗಿದ್ದು ಒಳ್ಳೆಯ ಮಳೆ ಬಂದಾಗ ಏಳುವುದುಂಟು. ಧೂಪ, ಹಲಸು, ಬೋಗಿ ಮೊದಲಾದ ಕಾನಿನ ಎಷ್ಟೋ ಮರಗಳ ಬೀಜಕ್ಕೆ ಈ ನಿದ್ರೆ ಗೊತ್ತಿಲ್ಲ. ಅದು ನೀರು ತುಂಬಿಕೊಂಡು, ಜೀವಂತವಾಗಿ ಎಚ್ಚರವಾಗಿಯೇ ನೆಲಕ್ಕೆ ಬೀಳುತ್ತದೆ. ಒಣಗಿಸಿದರೆ ಸಾಯುತ್ತದೆ, ಒದ್ದೆಯಾಗಿಟ್ಟರೆ ಇಟ್ಟಲ್ಲೇ ಮೊಳೆಯುತ್ತದೆ. ಸದಾ ಒದ್ದೆಯಾದ ನೆಲ ಕೆಳಗೆ ಕಾದಿರುವಾಗ ಕಾಯುವ ವಿದ್ಯೆಯನ್ನು ಅದೇಕೆ ಕಲಿಯಬೇಕಿತ್ತು?

ಬೀಜ ಕಾಯುವುದಿಲ್ಲ ನಿಜ, ಸಸಿ ಕಾಯುತ್ತದೆ. ಕಾನಿನ ನೆಲದಲ್ಲಿ ಮೊಣಕಾಲೆತ್ತರದ ಸಸಿಗಳನ್ನು ಕಂಡು ಇವು ಹೋದ ಮಳೆಗಾಲದವು ಎಂದು ತಿಳಿಯಬೇಡಿರಿ. ಎಷ್ಟೋ ವರ್ಷದಿಂದ ಅವು ಹಾಗೆಯೇ, ಎರಡೆರಡು ಎಲೆ ಬಿಡುತ್ತ, ಬೆಳೆಯದೆ ಸಾಯದೆ ನಿಂತಿರಬಹುದು. ಎಂದೋ ಒಂದು ದಿನ ಗಾಳಿಗೆ ಒಂದು ಹೆಮ್ಮರ ಉರುಳುತ್ತದೆ. ಚಪ್ಪರದಲ್ಲಿ ತೂತುಬಿದ್ದು ಬೆಳಕು ಇಳಿಯುತ್ತದೆ. ಆಗ ಈ ಬಡಕಲು ಸಸಿಗಳಲ್ಲಿ ಒಂದು ಎದ್ದು ಆ ಜಾಗವನ್ನು ತುಂಬುತ್ತದೆ. ಕಾನಿನಲ್ಲಿ ಮುಂದಿನ ತಲೆಮಾರು ನೆರಳಿನಲ್ಲಿ ನಿಂತಿರುತ್ತದೆ. ಆದುದರಿಂದಲೇ ಇಡೀ ಚಪ್ಪರವನ್ನು ಒಮ್ಮೆಲೇ ತೆಗೆದರೆ ದೊಡ್ಡ ಮರಗಳೊಂದಿಗೆ ನಾಳಿನ ಮರಗಳೂ ಬಿಸಿಲಿಗೆ ಬೆಂದುಹೋಗುತ್ತವೆ. ಮಣ್ಣಿನಲ್ಲಿ ಬೀಜದ ಉಳಿತಾಯವೂ ಇಲ್ಲ. ಬಂದು ಸೇರುವುದು ಹುಲ್ಲು, ಲಂಟಾನ, ಬಿದಿರು. ಆ ಜಾಗದಲ್ಲಿ ಅಕೇಸಿಯಾ ನೆಟ್ಟರೆ ಐದಾರು ವರ್ಷದಲ್ಲಿ ದೂರಕ್ಕೆ ಹಸಿರೇನೋ ಕಾಣುತ್ತದೆ, ರಸ್ತೆಯಲ್ಲಿ ಹೋಗುವವನಿಗೆ ಸಮಾಧಾನವೂ ಆಗುತ್ತದೆ.

ಹೊಸ ಬೀಜ ಹೊರಗಿನಿಂದ ಬರಬೇಕಷ್ಟೆ. ಅಲ್ಲಿಯೂ ಒಂದು ತೊಡಕುಂಟು. ಗಾಳಿಯಾಡದ ಕಾನಿನೊಳಗೆ ನಿಂಬೆಹಣ್ಣಿನ ಗಾತ್ರದ ಬೀಜವನ್ನು ಹೊತ್ತೊಯ್ಯುವವರು ಯಾರು? ರಾಮಪತ್ರೆಯಂಥ ಮರ ತನ್ನ ಬೀಜಕ್ಕೆ ಕೆಂಪು ಪತ್ರೆಯನ್ನು ಹೊದಿಸಿ ಮಂಗಟ್ಟೆ ಹಕ್ಕಿಯನ್ನು ಕರೆಯುತ್ತದೆ. ಮಂಗಟ್ಟೆ ನುಂಗಿ, ದೂರ ಹಾರಿ, ಬೀಜವನ್ನು ಉಗುಳುತ್ತದೆ. ಆ ಹಕ್ಕಿಗಾದರೋ ಗೂಡಿಗೆ ಹೆಮ್ಮರದ ಪೊಟರೆಯೇ ಬೇಕು. ಹೆಣ್ಣು ಪೊಟರೆಯೊಳಗೆ ಕುಳಿತು ಬಾಗಿಲನ್ನು ಸಂದಿಯಷ್ಟು ಬಿಟ್ಟು ಮೆತ್ತಿಕೊಳ್ಳುತ್ತದೆ; ಗಂಡು ವಾರಗಟ್ಟಲೆ ಹಣ್ಣು ತಂದು ಉಣಿಸುತ್ತದೆ. ಹಳೆಯ ಮರವಿಲ್ಲದೆ ಹಕ್ಕಿಯಿಲ್ಲ, ಹಕ್ಕಿಯಿಲ್ಲದೆ ಹೊಸ ಮರವಿಲ್ಲ.

ಸಿಂಗಳೀಕದ ಪಾಡೂ ಇಂಥದೇ. ಮುಖದ ಸುತ್ತ ನರೆಗೇಸರವಿರುವ ಈ ಕಪ್ಪು ಕೋತಿ ಲೋಕದಲ್ಲೆಲ್ಲ ಪಶ್ಚಿಮಘಟ್ಟವೊಂದರಲ್ಲಿಯೇ ಇದೆ, ಒಟ್ಟು ಸಂಖ್ಯೆ ಕೆಲವೇ ಸಾವಿರ. ಊರಿನ ಕೋತಿಯಂತೆ ಅದು ರಸ್ತೆಗಿಳಿದು ಕಡಲೆಕಾಯಿ ಬೇಡುವ ಜಾತಿಯಲ್ಲ. ಚಪ್ಪರವೇ ಅದರ ನೆಲ. ಹಾರಲಾಗದಷ್ಟು ಅಗಲದ ರಸ್ತೆಯೊಂದನ್ನು, ವಿದ್ಯುತ್ ಮಾರ್ಗವೊಂದನ್ನು ಕಾನಿನ ನಡುವೆ ಸೀಳಿದರೆ ಆ ಕಡೆಯ ಗುಂಪು ಆ ಕಡೆ, ಈ ಕಡೆಯದು ಈ ಕಡೆ. ಉತ್ತರ ಕನ್ನಡದ ಕಾನುಗಳಲ್ಲಿ ಅದರ ಮೆಚ್ಚಿನ ಆಹಾರಗಳಲ್ಲೊಂದು ಉಪ್ಪಾಗೆಯ ಹಣ್ಣು. ಅದರ ಸಿಪ್ಪೆಗೆ ಪೇಟೆಯಲ್ಲಿ ಬೆಲೆ ಬಂದಮೇಲೆ ಕೋತಿಗೂ ಮನುಷ್ಯನಿಗೂ ಪೈಪೋಟಿ ಹತ್ತಿತು. ಆತುರದಲ್ಲಿ ಕೊಂಬೆಯನ್ನೇ ಕಡಿದು ಹಣ್ಣು ಕಿತ್ತವರೂ ಉಂಟು. 2011ರಲ್ಲಿ ಅಘನಾಶಿನಿ ಕಣಿವೆಯನ್ನು ಸಿಂಗಳೀಕದ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. ಅಲ್ಲಿನ ಹಳ್ಳಿಗರು ಅಲ್ಲಿಯೇ ಬದುಕುತ್ತ ಕಾನನ್ನು ಕಾಯುವ ಏರ್ಪಾಡು ಅದಾಗಿತ್ತು.

ಆ ಕಣಿವೆಯಿಂದ ಬಹಳ ದೂರವಲ್ಲದ ಕತ್ತಲೆಕಾನು ಎಂಬ ಕಾಡನ್ನು ನಿವೃತ್ತನಾದಮೇಲೆ ನೋಡಿಬಂದೆ. ಸಿದ್ದಾಪುರದಿಂದ ಹೊನ್ನಾವರದ ಕಡೆಗೆ ಘಟ್ಟ ಇಳಿಯುವ ಸೀಮೆಯಲ್ಲಿ ಅದು ಇದೆ. ಹೆಸರೇ ವರ್ಣನೆ. ಅಲ್ಲಿ ಹಳ್ಳಗಳು ನಿಂತು ಹರಿಯುವ ತಗ್ಗಿನಲ್ಲಿ ರಾಮಪತ್ರೆಯ ಬಳಗದ ಮರಗಳ ಜೌಗಿದೆ. ಕೆಸರಿನಲ್ಲಿ ಉಸಿರಾಡಲು ಗಾಳಿ ಸಾಲದೆಂದು ಆ ಮರಗಳ ಬೇರು ನೆಲದಿಂದ ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗಿಳಿಯುತ್ತದೆ. ನೂರಾರು ಮೊಣಕಾಲುಗಳ ನಡುವೆ ನೀರು ಸದ್ದಿಲ್ಲದೆ ಹರಿಯುತ್ತಿರುತ್ತದೆ. ನಮ್ಮ ಗೇರಿನ ಜಾತಿಗೆ ಸೇರಿದ ಒಂದು ದೊಡ್ಡ ಮರವನ್ನು ಸಸ್ಯಶಾಸ್ತ್ರಜ್ಞರು ಇಲ್ಲಿ ಕಂಡು, ಅದು ವಿಜ್ಞಾನಕ್ಕೆ ಹೊಸದೆಂದು 2000ದಲ್ಲಿ ಪ್ರಕಟಿಸಿ, ಅದರ ಶಾಸ್ತ್ರೀಯ ನಾಮದಲ್ಲಿಯೇ ಕತ್ತಲೆಕಾನನ್ನು ಸೇರಿಸಿದರು. ಇಷ್ಟು ದೊಡ್ಡ ಮರವೊಂದು ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲವರೆಗೆ ಲೆಕ್ಕಕ್ಕೆ ಸಿಗದೆ ಉಳಿಯಿತೆಂದರೆ ಕಾನಿನಲ್ಲಿ ಜಾತಿಗಳ ದಟ್ಟಣೆ ಎಷ್ಟಿರಬೇಕೆಂದು ಊಹಿಸಿರಿ. ಶೀತಪ್ರದೇಶಗಳಾದ ರಷ್ಯಾ, ಕೆನಡಾಗಳ ಸೂಚಿಪರ್ಣದ ಕಾಡುಗಳಲ್ಲಿ ದಿನವೆಲ್ಲ ರೈಲಿನಲ್ಲಿ ಹೋದರೂ ಅವೇ ನಾಲ್ಕಾರು ಜಾತಿಯ ಮರಗಳು. ಮಲೇಷ್ಯಾದ ಪಾಸೋ ಎಂಬಲ್ಲಿ ವಿಜ್ಞಾನಿಗಳು ಐವತ್ತೇ ಹೆಕ್ಟೇರು ಮಳೆಕಾಡಿನಲ್ಲಿ ಒಂದೊಂದು ಮರವನ್ನೂ ಎಣಿಸಿದಾಗ 800ಕ್ಕೂ ಮಿಕ್ಕಿದ ಜಾತಿಗಳು ಸಿಕ್ಕಿದವು. ಜಾತಿ ಹೆಚ್ಚಿದಷ್ಟೂ ಒಂದೊಂದು ಜಾತಿಯ ಮರಗಳು ದೂರದೂರ ಚದುರಿರುತ್ತವೆ. ಹತ್ತು ಹೆಕ್ಟೇರು ಕಡಿದಾಗ ಯಾವ ಜಾತಿಯ ಕೊನೆಯ ಮರ ಹೋಯಿತೆಂದು ಕಡಿದವನಿಗೂ ತಿಳಿಯದು.

ದೊಡ್ಡ ಮಳೆಕಾಡು ತನ್ನ ಮಳೆಯನ್ನೂ ತಾನೇ ಪಾಲುಭಾಗ ಮಾಡಿಕೊಳ್ಳುತ್ತದೆ. ದಕ್ಷಿಣ ಅಮೆರಿಕದ ಅಮೆಜಾನ್ ಕಣಿವೆಯಲ್ಲಿ ಬ್ರೆಜಿಲ್ ದೇಶದ ವಿಜ್ಞಾನಿ ಎನೆಯಾಸ್ ಸಲಾಟಿ 1970ರ ದಶಕದಲ್ಲಿ ಮಳೆಯ ನೀರನ್ನು ಪರೀಕ್ಷಿಸಿ, ಅದರಲ್ಲಿ ಅರ್ಧದಷ್ಟು ಆ ಕಾಡಿನಿಂದಲೇ ಆವಿಯಾಗಿ ಮೇಲೇರಿದ್ದೆಂದು ತೋರಿಸಿದ. ಕಡಲಿನಿಂದ ಬಂದ ಮೋಡ ಒಮ್ಮೆ ಸುರಿಯುತ್ತದೆ. ಮರಗಳು ಅದನ್ನು ಹೀರಿ ಎಲೆಗಳಿಂದ ಮತ್ತೆ ಗಾಳಿಗೆ ಬಿಡುತ್ತವೆ. ಅದು ಮುಂದೆ ಹೋಗಿ ಮತ್ತೆ ಸುರಿಯುತ್ತದೆ. ನಮ್ಮ ಘಟ್ಟದ ಕಾಡು ಕಿರಿದಾದ ಪಟ್ಟಿ, ಅದಕ್ಕೆ ಮಳೆ ತರುವುದು ಮುಖ್ಯವಾಗಿ ಅರಬ್ಬೀ ಸಮುದ್ರವೇ. ಆದುದರಿಂದ ಅಮೆಜಾನಿನ ಲೆಕ್ಕವನ್ನು ಇಲ್ಲಿಗೆ ಅನ್ವಯಿಸಲಾಗದು. ಆದರೆ ಪಶ್ಚಿಮಘಟ್ಟದ ಈ ಪಟ್ಟಿಯಿಂದ ಹೊರಡುವ ತುಂಗೆ, ಭದ್ರೆ, ಕಾವೇರಿಗಳನ್ನು ಕುಡಿಯುವವರು ಬಯಲುಸೀಮೆಯ ಜನ. ನಮ್ಮ ಚಿತ್ರದುರ್ಗಕ್ಕೆ ಭದ್ರೆಯ ನೀರು ಬರುವುದೆಂದು ನನ್ನ ತಲೆಮಾರು ಹುಡುಗತನದಿಂದ ಕೇಳುತ್ತ ಬಂದಿದೆ! 2012ರಲ್ಲಿ ಯುನೆಸ್ಕೋ ಸಂಸ್ಥೆ ಪಶ್ಚಿಮಘಟ್ಟದ ಹಲವು ಕಾಡುಗಳನ್ನು ವಿಶ್ವಪರಂಪರೆಯ ತಾಣಗಳೆಂದು ಅಂಗೀಕರಿಸಿತು.

ಧೂಪದ ಕಥೆ ಇನ್ನಷ್ಟಿದೆ. ಡಬ್ಬದ ಬೀಜಗಳು ಹುಸಿಹೋದ ಆ 1987ರ ಮಳೆಗಾಲದಲ್ಲಿಯೇ ಹುಡುಗರು ಮತ್ತೆ ಬೀಜ ತಂದರು. ಈ ಬಾರಿ ಮುದುಕಿ ಹೇಳಿದಂತೆ ಒದ್ದೆ ದರಗಿನಲ್ಲಿ ಸುತ್ತಿ ತಂದು, ಅದೇ ಸಂಜೆ, ಶಾಲೆಯ ಹಿಂದಿನ ಹಲಸಿನ ಮರದ ನೆರಳಿನಲ್ಲಿ ಊರಿದೆವು. ಆಟದ ಮೈದಾನದ ಅಂಚಿಗೆ ಸಾಲಾಗಿ ನೆಡಬೇಕೆಂಬ ನನ್ನ ಆಸೆಗೆ ಹುಡುಗರು ಒಪ್ಪಲಿಲ್ಲ. ಬಿಸಿಲಿಗೆ ಬಾಡುತ್ತವೆ ಎಂದರು. ಇಪ್ಪತ್ತಕ್ಕಿಂತ ಹೆಚ್ಚು ಮೊಳೆತವು. ನಾಲ್ಕು ವರ್ಷದ ಮೇಲೆ ನನಗೆ ವರ್ಗವಾದಾಗ ಅವುಗಳಲ್ಲಿ ಆರು ಉಳಿದಿದ್ದವು, ನನ್ನ ಸೊಂಟದಷ್ಟು ಎತ್ತರ. 2019ರಲ್ಲಿ ಆ ಊರಿಗೆ ಹೋಗಿದ್ದೆ. ಹಲಸಿನ ಮರ ಬಿದ್ದುಹೋಗಿತ್ತು. ಅದು ಬಿಟ್ಟ ಬೆಳಕಿನಲ್ಲಿ ಎರಡು ಧೂಪದ ಮರಗಳು ಶಾಲೆಯ ಹೆಂಚಿನ ಸೂರನ್ನು ಮೀರಿ ಎದ್ದಿದ್ದವು. ಅಂದಿನ ಹುಡುಗರಲ್ಲಿ ಒಬ್ಬ, ಈಗ 'ಕಾನು' ಎಂದು ತನ್ನ ಮಕ್ಕಳಿಗೆ ಹೇಳಿಕೊಡುವ ವಯಸ್ಸಿನವನು, ನನ್ನ ಜತೆ ಬಂದಿದ್ದ. ಅವು ಇನ್ನೂ ಕಾಯಿ ಬಿಟ್ಟಿಲ್ಲವೆಂದು ಹೇಳಿ, ಬುಡದ ದರಗನ್ನು ಕಾಲಿನಿಂದ ಸರಿಸಿ ತೋರಿಸಿದ. ಕೆಳಗೆ ಮಣ್ಣು ಒದ್ದೆಯಾಗಿತ್ತು. ಅದು ಫೆಬ್ರುವರಿ ತಿಂಗಳು.